ಬುರುಲ್ ಸುರಿದ ನೀಲಿ

ಇಸ್ಸಿಕ್-ಕುಲ್ ಸರೋವರದ ದಕ್ಷಿಣ ದಡದಲ್ಲಿರುವ ಒಂದು ವಿಹಾರಧಾಮದಲ್ಲಿ ಬುರುಲ್ ಇಪ್ಪತ್ತೆರಡು ವರ್ಷ ಹಾಸಿಗೆಬಟ್ಟೆ ಒಗೆದಳು. ಬೇಸಿಗೆಗೆ ಬರುವ ಅತಿಥಿಗಳು ಏನೇನು ಬಿಟ್ಟುಹೋಗುತ್ತಾರೆಂದು ಒಗೆಯುವವಳಿಗೆ ಗೊತ್ತಿರುವಷ್ಟು ವೈದ್ಯರಿಗೂ ಗೊತ್ತಿರುವುದಿಲ್ಲ. ಮನುಷ್ಯರ ಕೊಳೆಯ ಬಗ್ಗೆ ಅವಳಿಗೆ ಯಾವ ಭ್ರಮೆಯೂ ಇರಲಿಲ್ಲ. ಆ ಕೊಳೆ ಹೋಗಬೇಕಾದ ಕಡೆಗೆ ಹೋಗುತ್ತದೆ ಎಂದು ಮಾತ್ರ ನಂಬಿದ್ದಳು. ಗುಡ್ಡದ ಮೇಲಿನ ತೊಟ್ಟಿಗೆ ಹೋಗುತ್ತದೆ ಎಂದು ಅಲ್ಲಿಯವರು ಹೇಳಿದ್ದರು. ನೀರು ಗುಡ್ಡ ಹತ್ತುವುದು ಹೇಗೆ ಎಂದು ಇಪ್ಪತ್ತೆರಡು ವರ್ಷ ಕೇಳದೆ ಇದ್ದದ್ದಕ್ಕೆ ಅವಳು ತನ್ನನ್ನು ಕೊನೆಗೂ ಕ್ಷಮಿಸಿಕೊಳ್ಳಲಿಲ್ಲ.

ಕೆಲಸ ಬಿಟ್ಟ ವರ್ಷ ದಡದ ಮುಳ್ಳುಪೊದೆಗಳಲ್ಲಿ ಹುಳಿಹಣ್ಣು ಬಿಡಿಸಲು ಹೋದಾಗ ಅವಳ ಕಾಲು ಮೊಣಕಾಲಿನವರೆಗೆ ಹೂತುಹೋಯಿತು. ಹೂತದ್ದು ಕೆಸರಿನಲ್ಲಲ್ಲ. ಪೊದೆಯೊಳಗೆ ತೊಡೆಗಾತ್ರದ ಕೊಳವೆಯೊಂದು ಬಾಯಿ ತೆರೆದಿತ್ತು. ಬೂದು ನೊರೆ, ಕೂದಲ ಉಂಡೆಗಳು, ಕೊಳೆತ ಹತ್ತಿ, ಮಲ. ಅವಳು ಅಲ್ಲೇ ಬಗ್ಗಿ ವಾಂತಿ ಮಾಡಿಕೊಂಡಳು. ಆ ನೊರೆ ಯಾವ ಸೋಪಿನದು ಎಂದು ಅವಳಿಗೆ ವಾಸನೆಯಿಂದಲೇ ತಿಳಿಯಿತು.

ಆ ಕೊಳವೆ ಮುಚ್ಚಿಸಿ ಎಂಬ ಅರ್ಜಿ ಹಿಡಿದು, ಮುಂದಿನ ಎರಡು ವರ್ಷ ಹೆಂಗಸರನ್ನು ಕಟ್ಟಿಕೊಂಡು ಮನೆಮನೆ ಸುತ್ತಿದಳು. ನೂರ ತೊಂಬತ್ತು ಸಹಿಗಳಾದವು. ಮೊದಲ ಅರ್ಜಿಯನ್ನು ಜಿಲ್ಲಾ ಕಚೇರಿ ‘ಹೆಂಗಸರ ಜಗಳ’ ಎಂದು ಬದಿಗಿಟ್ಟಿತು, ಏಕೆಂದರೆ ಅದರಲ್ಲಿ ಊರಿನ ಐವರು ಹಿರಿಯರ ಸಹಿ ಇರಲಿಲ್ಲ. ಎರಡನೆಯ ಅರ್ಜಿಗೆ ಗುರುವಾರ ತಪಾಸಣಾ ತಂಡ ಬರುವುದಿತ್ತು. ಹಿರಿಯರು ಸಹಿ ಹಾಕದಿದ್ದರೆ ಆ ತಂಡ ವಿಹಾರಧಾಮದಲ್ಲಿ ಉಂಡು ವಾಪಸು ಹೋಗುತ್ತದೆ ಎಂದು ಬುರುಲ್‌ಗೆ ಗೊತ್ತಿತ್ತು.

ವಿಹಾರಧಾಮದ ಮೇಲ್ವಿಚಾರಕ ಮಕ್ಸಾತನಿಗೂ ಗೊತ್ತಿತ್ತು. ಭಾನುವಾರ ಅವನು ಕುರಿ ಕಡಿಸಿ ಐವರನ್ನೂ ಊಟಕ್ಕೆ ಕರೆದ. ಬೇಯಿಸಿದ ತಲೆಯನ್ನು ಮರ್ಯಾದೆಗೆಂದು ಎಲ್ಲರಿಗಿಂತ ಹಿರಿಯನಾದ ಕದಿರ್‌ಕುಲ್‌ನ ಮುಂದಿಟ್ಟ. ಉಂಡ ಹಿರಿಯರು ಅಂಗೈ ತೆರೆದು ಹರಸಿದರು, ಮುಖ ಸವರಿಕೊಂಡರು. ಹಾಗೆ ಹರಸಿದ ಮೇಲೆ ಅದನ್ನು ಹಿಂತೆಗೆದುಕೊಂಡವರು ಆ ಊರಿನಲ್ಲಿಲ್ಲ.

ಸೋಮವಾರ ಬುರುಲ್ ಕಾಗದ ಹಿಡಿದು ಕದಿರ್‌ಕುಲ್‌ನ ಮನೆಗೆ ಹೋದಳು.

“ಏನಕ್ಕೆ ಹರಸಿದ್ದು ಅಂತ ಕೇಳಿದ್ರಾ, ಅಜ್ಜ?”

“ಹೊಸ ತೊಟ್ಟಿ ಕಟ್ತಾರಂತಲ್ಲ ಮಗಳೇ. ಒಳ್ಳೇದಕ್ಕೇ ತಾನೆ?”

“ಯಾವಾಗ ಕಟ್ತಾರಂತೆ?”

“ಊಟಕ್ಕೆ ಕೂತು ಅದನ್ನೆಲ್ಲ ಕೇಳ್ತಾರೇನೇ? ಮರ್ಯಾದೆ ಬೇಡ್ವಾ?”

“ಮರ್ಯಾದೆ! ಒಂದು ಕುರಿ ಬೆಲೆಗೆ ಐದು ಜನ ಸಿಕ್ಕಿದ್ರಿ. ಸಂತೇಲಿ ಇಷ್ಟು ಅಗ್ಗಕ್ಕೆ ಕತ್ತೆ ಕೂಡ ಸಿಗಲ್ಲ.”

ಬಾಗಿಲ ಹಿಂದೆ ಸೊಸೆ ಕಿಸಕ್ಕೆಂದು ನಕ್ಕಳು. ಮುದುಕ ಕಾಗದವನ್ನು ಬೆರಳ ತುದಿಯಿಂದ ಅತ್ತ ತಳ್ಳಿದ. ಅವನ ಬೆರಳಿನಲ್ಲಿ ಇನ್ನೂ ಕುರಿಕೊಬ್ಬಿನ ವಾಸನೆ ಇದೆ ಎಂದು ಬುರುಲ್‌ಗೆ ಅನ್ನಿಸಿತು.

ದಾರಿಯಲ್ಲಿ ಮಕ್ಸಾತ ಕಾರು ನಿಲ್ಲಿಸಿದ. “ಅಕ್ಕಾ, ಆ ವಾಸನೆ ನಿಮ್ಮೂರ ಹಸುಗಳದ್ದು. ದಿನಾ ನೀರಲ್ಲೇ ನಿಂತಿರ್ತಾವೆ. ಅವಕ್ಕೂ ನಿಮ್ಮ ಅರ್ಜಿ ಓದಿ ಹೇಳಿ.”

“ಹಸುಗೆ ಓದಿದ್ರೆ ಕಿವಿನಾದ್ರೂ ಅಲ್ಲಾಡಿಸುತ್ತೆ,” ಎಂದು ಬುರುಲ್ ಮುಂದೆ ನಡೆದಳು.

ಕದಿರ್‌ಕುಲ್‌ಗೆ ನಲ್ಲಿಯ ನೀರಿನ ಮೇಲೆ ನಂಬಿಕೆ ಇರಲಿಲ್ಲ. ಮಧ್ಯಾಹ್ನದ ನಮಾಜಿಗೆ ಮುಂಚೆ ತಾಮ್ರದ ಗಿಂಡಿ ಹಿಡಿದು ದಡಕ್ಕೆ ಹೋಗಿ, ಸರೋವರದ ನೀರಿನಲ್ಲೇ ಬಾಯಿ ಮುಕ್ಕಳಿಸಿ, ಮುಖ ಕೈಕಾಲು ತೊಳೆದು ವಜೂ ಮಾಡುತ್ತಿದ್ದ. ಇಂಥ ಶುದ್ಧ ನೀರು ಇನ್ನೆಲ್ಲೂ ಇಲ್ಲ ಎಂದು ಮಸೀದಿಯಲ್ಲಿ ಕಿರಿಯರಿಗೆ ಪಾಠ ಹೇಳುತ್ತಿದ್ದ. ಅವನು ಗಿಂಡಿ ಮುಳುಗಿಸುವ ಜಾಗ ಮುಳ್ಳುಪೊದೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿತ್ತು. ಕೊಳವೆಯ ಮಾತು ಹೆಂಗಸರ ಹರಟೆ ಎಂದುಕೊಂಡ ಅವನು ಒಮ್ಮೆಯೂ ಆ ಪೊದೆ ಸರಿಸಿ ನೋಡಿರಲಿಲ್ಲ.

ಮಂಗಳವಾರ ಬುರುಲ್ ತನ್ನ ಹಳೆಯ ಒಗೆಯುವ ಕೋಣೆಗೆ ಹೋದಳು. ಈಗ ಅಲ್ಲಿ ಕೆಲಸ ಮಾಡುವ ಸೈರಾ ಏನೂ ಕಾಣದವಳಂತೆ ಬೆನ್ನು ತಿರುಗಿಸಿ ನಿಂತಳು. ಬಿಳಿಬಟ್ಟೆಗೆ ಹಾಕುವ ನೀಲಿಯ ಹನ್ನೆರಡು ಪೊಟ್ಟಣ ಒಡೆದು ಮೋರಿಗೆ ಸುರಿದು, ಮೇಲೆ ಹತ್ತು ಬಕೆಟ್ ನೀರು ಹೊಯ್ದಳು ಬುರುಲ್.

“ನೀಲಿ ಸರೋವರಕ್ಕೆ ನೀಲಿ ಹಾಕ್ತೀಯಲ್ಲೇ ಅಕ್ಕಾ, ತಲೆ ಕೆಟ್ಟಿದೆಯಾ?” ಎಂದಳು ಸೈರಾ.

“ನೀಲಿಯಂತೆ! ಹೋಗಿ ಮೂಸಿ ನೋಡು.”

ಮಧ್ಯಾಹ್ನ ಅವಳು ಬಿಳಿ ಪಿಂಗಾಣಿ ಬೋಗುಣಿ ಹಿಡಿದು ದಡದಲ್ಲಿ ಕಾದಳು. ಕದಿರ್‌ಕುಲ್ ಗಿಂಡಿ ತುಂಬಿ, ಬಾಯಿ ಮುಕ್ಕಳಿಸಲು ಎತ್ತಿದ.

“ತಾಳಿ ಅಜ್ಜ. ಮೊದಲು ಇದಕ್ಕೆ ಹೊಯ್ಯಿರಿ.”

ಬೋಗುಣಿಯಲ್ಲಿ ತೆಳುನೀಲಿ ನೀರು ನಿಂತಿತು. ಅದರ ಮೇಲೆ ಬಟ್ಟೆಯ ಜುಂಗು ಮತ್ತು ಒಂದು ಉದ್ದನೆಯ ಕೂದಲು ತೇಲಿದವು.

“ಇದೇನೇ?”

“ಬೆಳಿಗ್ಗೆ ಅವರ ಮೋರಿಗೆ ನಾನೇ ಹಾಕಿದ ಬಟ್ಟೆ ನೀಲಿ. ಅವರ ಕಕ್ಕಸಿನ ನೀರು ಬರೋದೂ ಅದೇ ಕೊಳವೇಲಿ. ಬನ್ನಿ, ತೋರಿಸ್ತೀನಿ.”

ಪೊದೆ ಸರಿಸಿದಳು. ಕೊಳವೆಯ ಬಾಯಿಂದ ನೀಲಿ ನೊರೆ ಉಕ್ಕುತ್ತಿತ್ತು. ಮುದುಕ ಬಗ್ಗಿ ನೋಡಿದ. ಆಮೇಲೆ ಉಗುಳಿದ, ಮತ್ತೆ ಉಗುಳಿದ, ಬಾಯಲ್ಲಿ ಎಂಜಲು ಉಳಿಯದಷ್ಟು ಉಗುಳಿದ.

“ಎಷ್ಟು ವರ್ಷದಿಂದ?”

“ನಾನು ಕೆಲಸಕ್ಕೆ ಸೇರೋಕೆ ಮುಂಚಿಂದ್ಲೂ.”

“ನನ್ನ ನಮಾಜು...” ಎಂದವನು ಅಲ್ಲಿಗೇ ನಿಲ್ಲಿಸಿದ. ದಡದ ಉದ್ದಕ್ಕೂ ಕಣ್ಣು ಹಾಯಿಸಿ, ಯಾರೂ ಇಲ್ಲವೆಂದು ಖಚಿತ ಮಾಡಿಕೊಂಡು ದನಿ ತಗ್ಗಿಸಿದ. “ಇದನ್ನ ಯಾರಿಗೂ ಹೇಳಬೇಡ ಬುರುಲ್. ಮಸೀದೀಲಿ ನನ್ನ ಮಾತು ಯಾರೂ ಕೇಳಲ್ಲ ಆಮೇಲೆ.”

ಸರೋವರದ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ.

“ಹೇಳಲ್ಲ. ಸಹಿ ಹಾಕಿ.”

“ಹರಸಿಬಿಟ್ಟಿದ್ದೀನಲ್ಲೇ...”

“ತೊಟ್ಟಿಗೆ ಹರಸಿದ್ರಿ. ಕಟ್ಟಲಿ, ಬೇಡ ಅಂದವರಾರು? ಈ ಕೊಳವೆಗೂ ಹರಸಿದ್ರಾ?”

ಅವನು ಬೋಗುಣಿಯನ್ನೇ ಬೋರಲು ಹಾಕಿ, ಅದರ ಮೇಲೆ ಕಾಗದ ಇಟ್ಟು ಸಹಿ ಹಾಕಿದ. ಸಂಜೆಗೆ ಉಳಿದ ನಾಲ್ವರೂ ಹಾಕಿದರು. ಅವನ ಹೆಸರು ನೋಡಿದರು, ಅದರ ಕೆಳಗೆ ತಮ್ಮದನ್ನು ಬರೆದರು. ಏಕೆಂದು ಒಬ್ಬನೂ ಕೇಳಲಿಲ್ಲ. ಎರಡು ವರ್ಷ ಮನೆಮನೆ ಸುತ್ತಿ ನೂರ ತೊಂಬತ್ತು ಸಹಿ ಹಾಕಿಸಿಯೂ ಆಗದ ಕೆಲಸ ಒಬ್ಬ ಮುದುಕನ ಹೆದರಿಕೆಯಿಂದ ಒಂದು ಮಧ್ಯಾಹ್ನದಲ್ಲಿ ಆಯಿತು. ಬುರುಲ್‌ಗೆ ಸಂತೋಷವಾಗಲಿಲ್ಲ, ಹೇಸಿಗೆಯಾಯಿತು.

ಗುರುವಾರ ತಂಡ ಬಂತು. ಅರ್ಜಿಯ ಕೊನೆಯ ಹಾಳೆಯಲ್ಲಿ ಐವರು ಹಿರಿಯರ ಸಹಿ ನೋಡಿ, ಮೂಗಿಗೆ ಕರವಸ್ತ್ರ ಹಿಡಿದು, ಪೊದೆಯವರೆಗೂ ನಡೆಯಿತು. ಅಕ್ಟೋಬರಿನಲ್ಲಿ ಅತಿಥಿಗಳೆಲ್ಲ ಹೋದ ಮೇಲೆ ಕೊಳವೆಗೆ ಕಾಂಕ್ರೀಟು ತುಂಬಿದರು. ಅದರಿಂದ ಆಗಲೇ ದಡಕ್ಕೆ ಬಿದ್ದದ್ದನ್ನು ಎತ್ತುವುದು ಯಾರ ಆದೇಶದಲ್ಲೂ ಇರಲಿಲ್ಲ. ಬುರುಲ್ ಮತ್ತು ಹನ್ನೊಂದು ಜನ ಹೆಂಗಸರು ಮೊಣಕಾಲುದ್ದದ ಬೂಟು ತೊಟ್ಟು, ಸನಿಕೆ ಹಿಡಿದು, ಆರು ದಿನ ಆ ಹೊಲಸನ್ನು ಬಾಚಿ ತೆಗೆದರು. ಗಂಡಸರು ರಸ್ತೆಯ ಮೇಲೆ ನಿಂತು, ಎಲ್ಲಿ ಇನ್ನೂ ಉಳಿದಿದೆ ಎಂದು ಕೈ ಮಾಡಿ ತೋರಿಸಿದರು.