ಓದಕ್ಕನ ಕುರ್ಚಿ

ಹೊಟ್ಟೆಕಿಚ್ಚು ಪಡುವುದಕ್ಕೂ ಒಂದು ಲೆಕ್ಕ ಬೇಡವೇ? ನಾದಿನಿಯ ಒಡವೆ ಕಂಡು ಮೂರು ದಿನ ಊಟ ಬಿಟ್ಟವರುಂಟು, ನೆರೆಮನೆಯ ಗೋಡೆಗೆ ಬಣ್ಣ ಬಿದ್ದರೆ ಇತ್ತ ಕಿಟಕಿ ಮುಚ್ಚಿಕೊಂಡವರುಂಟು. ನಮ್ಮ ಓದಕ್ಕ ಉರಿದುಕೊಂಡದ್ದು ಒಂದು ಕಂಪ್ಯೂಟರನ್ನು ಕಂಡು. ಅದೂ ಅಂತಿಂಥ ಉರಿಯಲ್ಲ, ಸವತಿಯನ್ನು ಕಂಡ ಉರಿ.

ಅವಳಿಗೆ ಓದಕ್ಕ ಎಂದು ಹೆಸರಿಟ್ಟವನು ನೀರು ಸರಬರಾಜು ಕಚೇರಿಯ ಜವಾನ. ಅವಳ ಗಂಡ ಅಲ್ಲಿ ದೂರು ವಿಭಾಗದ ಗುಮಾಸ್ತ, ಹುಟ್ಟಿನಿಂದ ಕಣ್ಣು ಕಾಣದವನು. ಮದುವೆಯಾದ ಎರಡನೇ ತಿಂಗಳಿಗೆ ಅವನ ಕೈ ಹಿಡಿದು ಆ ಕಚೇರಿಯ ಮೆಟ್ಟಿಲು ಹತ್ತಿದವಳು ಹದಿನೇಳು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಅವನ ಮೇಜಿನ ಎಡಕ್ಕೆ, ಕಿಟಕಿಗೆ ಬೆನ್ನು ಮಾಡಿ, ಒಂದು ತೋಳು ಮುರಿದ ಮರದ ಕುರ್ಚಿ ಅವಳದು. ಹಾಜರಿ ಪುಸ್ತಕದಲ್ಲಿ ಹೆಸರಿಲ್ಲ, ಸಂಬಳ ಮೊದಲೇ ಇಲ್ಲ. ಬಂದ ದೂರನ್ನು ಅವಳು ಓದುವುದು, ಅವನು ಉತ್ತರ ಹೇಳುವುದು, ಅವಳು ಬರೆಯುವುದು, ಅವಳು ಬೆರಳಿಟ್ಟ ಜಾಗದಲ್ಲಿ ಅವನು ಸಹಿ ಹಾಕುವುದು. ಯಾವ ಬೀದಿಯ ಯಾವ ಕೊಳವೆ ಒಡೆದಿದೆ ಎಂಬುದು ಎಂಜಿನಿಯರನಿಗಿಂತ ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಆ ಕಚೇರಿಗೊಂದು ರೂಢಿ ಬಿದ್ದುಬಿಟ್ಟಿತ್ತು. ಅವನನ್ನು ಏನು ಕೇಳಬೇಕಿದ್ದರೂ ಅವಳನ್ನೇ ಕೇಳುವುದು. "ಓದಕ್ಕಾ, ಯಜಮಾನ್ರಿಗೆ ಟೀ ಬೇಕಾ?" "ಓದಕ್ಕಾ, ಯಜಮಾನ್ರಿಗೆ ಜ್ವರ ಬಿಡ್ತಾ?" ಯಜಮಾನರು ಪಕ್ಕದಲ್ಲೇ ಕಲ್ಲುಗುಂಡಿನ ಹಾಗೆ ಕೂತಿರುತ್ತಿದ್ದರು. ಇದರಲ್ಲಿ ಯಾರಿಗೂ ತಪ್ಪು ಕಾಣಲಿಲ್ಲ. ಓದಕ್ಕನಿಗಂತೂ ಸ್ವರ್ಗಕ್ಕೆ ಮೂರೇ ಗೇಣು.

ಹೊಸದಾಗಿ ಬಂದ ಮೇಲಧಿಕಾರಿ ಹೆಂಗಸು ಈ ರೂಢಿಗೆ ಕಲ್ಲು ಹಾಕಿದಳು. ಬಂದವಳೇ ಮೇಜಿನ ಮುಂದೆ ನಿಂತು, "ನಿಮಗೆ ಓದಿ ಹೇಳೋ ಕಂಪ್ಯೂಟರ್ ಬೇಕಾ?" ಎಂದಳು.

"ಅವರಿಗೆ ಅದೆಲ್ಲ ಯಾಕೆ ಮೇಡಂ, ನಾನಿದ್ದೀನಲ್ಲ," ಎಂದಳು ಓದಕ್ಕ.

"ನಾನು ಅವರನ್ನ ಕೇಳಿದ್ದು."

"ಬೇಕು," ಎಂದ ಗಂಡ, ಒಂದು ಕ್ಷಣವೂ ಯೋಚಿಸದೆ. ಅಷ್ಟು ಬೇಗ ಅವನು ಮದುವೆಗೂ ಒಪ್ಪಿರಲಿಲ್ಲ.

ಕಂಪ್ಯೂಟರು ಬಂತು, ದೂರುಗಳೂ ಅದಕ್ಕೇ ಬರತೊಡಗಿದವು. ಕಲಿಸಲು ಬಂದ ಮೇಷ್ಟರಿಗೂ ಕಣ್ಣಿರಲಿಲ್ಲ. ಇಬ್ಬರೂ ಮೂರು ವಾರ ಹಳೇ ಗೆಳೆಯರ ಹಾಗೆ ನಗುತ್ತ ಕೀಲಿ ಒತ್ತಿದರು. ಅದರೊಳಗಿಂದ ಒಂದು ಹೆಣ್ಣಿನ ದನಿ ಪರದೆಯ ಮೇಲಿದ್ದದ್ದನ್ನೆಲ್ಲ ಓದಿ ಹೇಳುತ್ತಿತ್ತು. ದನಿಯಾದರೂ ಗೊಗ್ಗರಾಗಿದ್ದರೆ ಓದಕ್ಕ ಸಹಿಸಿಕೊಳ್ಳುತ್ತಿದ್ದಳೇನೋ. ಅದು ಸ್ವಚ್ಛವಾಗಿ, ನಯವಾಗಿ, ಉಗುಳು ನುಂಗದೆ ಓದುತ್ತಿತ್ತು. ಸಾಲದ್ದಕ್ಕೆ ಗಂಡ ದಿನಕ್ಕಿಷ್ಟು ವೇಗ ಹೆಚ್ಚಿಸಿದ. ತಿಂಗಳು ಕಳೆಯುವುದರಲ್ಲಿ ಅದರ ಮಾತು ಬೇರೆಯವರ ಕಿವಿಗೆ ಬರೀ ಗಿಜಿಗಿಜಿ. ಅವನಿಗೆ ಮಾತ್ರ ನೀರು ಕುಡಿದಷ್ಟು ಸಲೀಸು. ಕಟ್ಟಿಕೊಂಡ ಹೆಂಡತಿ ಪಕ್ಕದಲ್ಲಿರುವಾಗ ಅವರಿಬ್ಬರದೇ ಒಂದು ಗುಟ್ಟಿನ ಭಾಷೆ! ಒಂದು ದಿನ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಕಿಸಕ್ಕನೆ ನಕ್ಕ.

"ಏನಂತೆ?" ಎಂದಳು.

"ಏನಿಲ್ಲ, ಒಂದು ದೂರು. ಹೇಳಿದ್ರೆ ಮಜಾ ಹೋಗುತ್ತೆ."

ಓದಕ್ಕನ ಮೈಯೆಲ್ಲ ಉರಿದುಹೋಯಿತು. ಮನೆಗೆ ಬಂದು ಪಾತ್ರೆಗಳನ್ನು ದಡಬಡ ಎತ್ತಿ ಕುಕ್ಕಿದಳು.

"ಅಲ್ವೇ, ಯಂತ್ರದ ಮೇಲೆ ಯಾರಾದ್ರೂ ಕರುಬ್ತಾರಾ?" ಎಂದು ಅತ್ತೆ ನಕ್ಕರು.

"ನಿಮಗೇನು ಗೊತ್ತು ಅತ್ತೆ! ಅವಳಿಗೆ ಗಂಟಲು ಒಣಗಲ್ಲ, ಕೆಮ್ಮು ಬರಲ್ಲ, ಮಧ್ಯಾಹ್ನ ತೂಕಡಿಕೆ ಬರಲ್ಲ."

"ಒಳ್ಳೇದೇ ಆಯ್ತಲ್ಲ, ನೀನು ಮನೇಲಿ ಕಾಲು ಚಾಚ್ಕೊಂಡು ಕೂತ್ಕೋ."

ಕೂತುಕೊಳ್ಳುವುದೇ ಆಯಿತು. ಗಂಡ ಕೋಲು ಹಿಡಿದು ಒಬ್ಬನೇ ಬಸ್ಸು ಹತ್ತಲು ಕಲಿತ. ಓದಕ್ಕ ಮಧ್ಯಾಹ್ನ ಊಟದ ಡಬ್ಬಿ ಕೊಡುವ ನೆಪದಲ್ಲಿ ಹೋಗತೊಡಗಿದಳು. ಮೊದಲ ದಿನವೇ ನೋಡುತ್ತಾಳೆ, ಅವಳ ಕುರ್ಚಿಯ ಮೇಲೆ ಪ್ರಿಂಟರ್ ಕೂತಿದೆ. ಜವಾನ ನೇರವಾಗಿ ಗಂಡನನ್ನೇ ಕೇಳುತ್ತಿದ್ದಾನೆ, "ಸಾರ್, ಟೀ ತರ್ಲಾ?" ಹದಿನೇಳು ವರ್ಷದಲ್ಲಿ ಅವನು ಸಾರ್ ಆದದ್ದು ಅದೇ ಮೊದಲು. ಓದಕ್ಕನಿಗೆ ಅದು ನುಂಗಲಾರದ ತುತ್ತಾಯಿತು.

ಹೀಗಿರುವಾಗ ಒಂದು ಮಧ್ಯಾಹ್ನ ಗಂಡ ಕೈ ತೊಳೆಯುತ್ತ ಹಿಗ್ಗಿನಿಂದ ಹೇಳಿದ: "ಗೊತ್ತಾ, ಹಳೇ ಕಡತಗಳನ್ನೆಲ್ಲ ಕಂಪ್ಯೂಟರಿಗೆ ಹಾಕ್ತಿದ್ದಾರೆ. ಸಿಬ್ಬಂದಿ ಕಡತಾನೂ ಸೇರಿ. ತಪ್ಪಿದ್ಯಾ ಅಂತ ಕೇಳಿ ನೋಡೋ ಕೆಲಸ ನಂದೇ."

ಓದಕ್ಕ ಬಿಚ್ಚುತ್ತಿದ್ದ ಡಬ್ಬಿಯನ್ನು ಮತ್ತೆ ಮುಚ್ಚಿದಳು.

ಆ ಕಡತಗಳಲ್ಲಿ ಅವಳದೊಂದು ಗುಟ್ಟು ಮಲಗಿತ್ತು. ಒಂಬತ್ತು ವರ್ಷದ ಹಿಂದೆ ಗಂಡನ ಹೆಸರಿಗೆ ಒಂದು ಪತ್ರ ಬಂದಿತ್ತು. ಕಣ್ಣು ಕಾಣದ ನೌಕರರಿಗೆ ದೂರದ ಊರಿನಲ್ಲಿ ಆರು ತಿಂಗಳ ಕಂಪ್ಯೂಟರ್ ತರಬೇತಿ, ಮುಗಿಸಿ ಬಂದರೆ ವಿಭಾಗದ ಮುಖ್ಯಸ್ಥನ ಹುದ್ದೆ. ಉಳಿಯಲು ಅಲ್ಲೇ ವ್ಯವಸ್ಥೆ. ಜೊತೆಗೆ ಸಹಾಯಕರನ್ನು ಕರೆತರುವಂತಿಲ್ಲ. ಆ ಕೊನೆಯ ಮಾತು ಕಂಡದ್ದೇ ಓದಕ್ಕನ ನಾಲಿಗೆ ತಾನಾಗಿ ತಿರುಗಿತು. "ಈ ವರ್ಷ ತರಬೇತಿ ಇಲ್ಲ. ಮುಂದೆ ತಿಳಿಸಲಾಗುವುದು" ಎಂದು ಎರಡು ಸಾಲು ಓದಿ ಪತ್ರ ಮಡಚಿ ಕಡತಕ್ಕೆ ಸೇರಿಸಿದಳು. ಆಗಿನ ಸಾಹೇಬರು ರೂಢಿಯಂತೆ ಅವಳನ್ನೇ ತಮ್ಮ ಕೋಣೆಗೆ ಕರೆದು ಕೇಳಿದರು. "ಅವರಿಗೆ ಮನಸ್ಸಿಲ್ಲ ಸಾರ್," ಎಂದುಬಿಟ್ಟಳು. ಅವನು ಕಲಿತು ಬಂದರೆ ತನಗೇನು ಕೆಲಸ ಎಂಬ ಒಂದೇ ಭಯ. ಈಗ ಆ ಸವತಿ ಅದನ್ನು ಓದಿಬಿಟ್ಟರೆ ಗಂಡನ ಪಾಲಿಗೆ ತಾನು ಯಾರು?

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಅವಳು ದಿನಾ ಕೇಳತೊಡಗಿದಳು, "ಯಾವ ವರ್ಷದ್ದು ನಡೀತಿದೆ?" ಅವನು ಉಣ್ಣುವಾಗ ಹೆಡ್‌ಫೋನ್ ಎತ್ತಿ ಕಿವಿಗಿಟ್ಟುಕೊಂಡಳು. ಗಿಜಿಗಿಜಿ. ಅದು ಓದುತ್ತಿರುವುದು ತನ್ನ ಪತ್ರವೋ, ಒಡೆದ ಕೊಳವೆಯೋ, ತಿಳಿಯುವುದು ಹೇಗೆ? ಓದು ಬಲ್ಲ ಹೆಣ್ಣುಮಗಳು ಆ ಕಚೇರಿಯಲ್ಲಿ ಮೊದಲ ಸಲ ಅನಕ್ಷರಸ್ಥಳಾಗಿ ನಿಂತಳು.

ಒಂದು ಬೆಳಿಗ್ಗೆ ಗಂಡನ ಫೋನು. "ತಕ್ಷಣ ಬಾ. ನೀನೇ ಬೇಕು."

ಅವಳು ಹೋಗುವಷ್ಟರಲ್ಲಿ ಜವಾನ ಪ್ರಿಂಟರನ್ನು ನೆಲಕ್ಕಿಳಿಸಿ ಕುರ್ಚಿ ಒರೆಸಿಟ್ಟಿದ್ದ. "ಕೆಲವು ಕಾಗದದ ಶಾಯಿ ಮಾಸಿ ಹೋಗಿದೆ," ಎಂದ ಗಂಡ. "ಅವಳಿಗೆ ಓದಕ್ಕಾಗ್ತಿಲ್ಲ. ಅಕ್ಷರದ ಗುರುತು ಸಿಗದೆ ಬರೀ 'ಚಿತ್ರ, ಚಿತ್ರ' ಅಂತಾಳೆ. ನೀನು ಓದು, ನಾನು ಟೈಪ್ ಮಾಡ್ತೀನಿ."

"ಹೌದಾ? ಅಷ್ಟೊಂದು ಜಾಣೆಗೆ ಓದಕ್ಕಾಗ್ಲಿಲ್ವಾ?" ಓದಕ್ಕ ಪರದೆಯ ಕಡೆ ನೋಡಿ ಮೂತಿ ತಿರುವಿದಳು. ಹಿಗ್ಗಿ ಹೀರೇಕಾಯಿಯಾಗಿ ಮೂರು ಕಾಗದ ಗಂಟೆ ಹೊಡೆದ ಹಾಗೆ ಓದಿದಳು. ನಾಲ್ಕನೆಯದು ಕೈಗೆ ಬಂತು.

ಅದೇ ಪತ್ರ. ಅವಳು ಮಡಚಿದ ಗೆರೆಯ ಮೇಲೆಯೇ ಅಕ್ಷರ ಮಾಸಿತ್ತು.

ಹಳೆಯ ಎರಡು ಸಾಲು ನಾಲಿಗೆಯ ತುದಿಗೆ ಬಂದು ಕೂತವು. ಯಾರಿಗೆ ಗೊತ್ತಾಗುತ್ತದೆ? ಸವತಿಗೇ ಓದಲಾಗದ ಕಾಗದ.

"ಯಾಕೆ ನಿಲ್ಲಿಸ್ದೆ?" ಎಂದ ಗಂಡ, ಬೆರಳು ಕೀಲಿಯ ಮೇಲಿಟ್ಟುಕೊಂಡು. "ಅವಳಾಗಿದ್ರೆ ಹೀಗೆ ನಡುವೆ ನಿಲ್ಲಿಸಲ್ಲ. ಒಂದಕ್ಷರಾನೂ ಬಿಡಲ್ಲ."

ಅಷ್ಟೇ ಸಾಕಾಯಿತು. ಭಯ, ನಾಚಿಕೆ ಎಲ್ಲವನ್ನೂ ಮೆಟ್ಟಿ ಹೊಟ್ಟೆಕಿಚ್ಚು ಎದ್ದು ನಿಂತಿತು. ಅವಳಿಗಿಂತ ನಾನೇನು ಕಡಿಮೆ? ಓದಕ್ಕ ತಾರೀಕಿನಿಂದ ಶುರು ಮಾಡಿದಳು. ತರಬೇತಿ ಓದಿದಳು, ಆರು ತಿಂಗಳು ಓದಿದಳು, ಮುಖ್ಯಸ್ಥನ ಹುದ್ದೆ ಓದಿದಳು. ಸಹಾಯಕರನ್ನು ಕರೆತರುವಂತಿಲ್ಲ ಎಂಬುದನ್ನೂ ಬಿಡಲಿಲ್ಲ. ಗಂಡ ಮೊದಲು ಟಕಟಕ ಒತ್ತುತ್ತಿದ್ದವನು ಬರುಬರುತ್ತ ಒಂದೊಂದೇ ಕೀಲಿ ಒತ್ತಿದ. ಆದರೂ ಕೊನೆಯ ಸಹಿಯವರೆಗೂ ಒತ್ತಿದ.

"ಅವತ್ತು ಇದು ಎರಡೇ ಸಾಲಿತ್ತು," ಎಂದ.

ಅವಳು ಪತ್ರವನ್ನು ಮಡಚದೆ ಮೇಜಿನ ಮೇಲೆ ಹರಡಿಟ್ಟಳು.

ಅವನು ಹೆಡ್‌ಫೋನಿನ ತಂತಿ ಕಿತ್ತ. ಏನೋ ಒತ್ತಿ ವೇಗ ಇಳಿಸಿದ. ಆ ಹೆಣ್ಣುದನಿ ಕೋಣೆಗೆಲ್ಲ ಕೇಳುವ ಹಾಗೆ, ನಿಧಾನವಾಗಿ, ಪತ್ರವನ್ನು ಮೊದಲಿನಿಂದ ಓದಿತು. ಅಷ್ಟು ದಿನದಲ್ಲಿ ಸವತಿಯ ಮಾತು ಓದಕ್ಕನಿಗೆ ಅರ್ಥವಾದದ್ದು ಅದೇ ಮೊದಲು. ಜವಾನ ಟೀ ಹಿಡಿದುಕೊಂಡು ಬಾಗಿಲಲ್ಲೇ ನಿಂತ.

"ಏನಾದ್ರೂ ಬಿಟ್ಟುಹೋಗಿದ್ಯಾ?" ಎಂದ ಗಂಡ.

"ಇಲ್ಲ ರೀ. ಎಲ್ಲ ಇದೆ."

"ಸರಿ. ಉಳಿದ ಕಾಗದ ಜವಾನನ ಹತ್ರ ಓದಿಸ್ಕೋತೀನಿ. ನೀನು ಮನೆಗೆ ಹೋಗು."

ಓದಕ್ಕ ಎದ್ದಳು. ನೆಲದ ಮೇಲಿದ್ದ ಪ್ರಿಂಟರನ್ನು ಎರಡು ಕೈಯಲ್ಲಿ ಎತ್ತಿ, ತಾನೇ ಆ ಕುರ್ಚಿಯ ಮೇಲೆ ಇಟ್ಟು, ಮೆಟ್ಟಿಲಿಳಿದಳು.