ಮನೆ ತೋರಿಸುವ ಕೆಲಸ

ಈ ಬೆಳಿಗ್ಗೆ ಕಮಲಾಪುರದ ಬಸ್ ನಿಲ್ದಾಣದ ಹತ್ತಿರ ಪೇಂಟರೊಬ್ಬ ತಗಡಿನ ಮೇಲೆ ‘ಮನೆ ಮಾರಾಟಕ್ಕಿದೆ’ ಎಂದು ಬರೆಯುತ್ತಿದ್ದ. ಹಾಲು ತರಲು ಹೊರಟಿದ್ದ ನಾನು ಹಸಿ ಬಣ್ಣದ ವಾಸನೆಗೆ ಅಲ್ಲೇ ನಿಂತುಬಿಟ್ಟೆ. ನಿಮಗೆ ಆ ವಾಸನೆಯಿಂದ ಹಬ್ಬವೋ ಮದುವೆಯೋ ನೆನಪಾಗಬಹುದು. ನನಗೆ ನೆನಪಾಗುವುದು ಕಲಬುರಗಿಯ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯ ಗೇಟು, ಅದಕ್ಕೆ ತಂತಿಯಿಂದ ಬಿಗಿದಿದ್ದ ಇಂಥದೇ ಒಂದು ತಗಡು, ಮತ್ತು ಅದರ ಹಿಂದೆ ಕುರ್ಚಿ ಹಾಕಿಕೊಂಡು ಕೂತಿದ್ದ ನಾನು. ಆಗಿನ ನನ್ನ ಬಗ್ಗೆ ನನಗೆ ಹೆಚ್ಚಿನ ಗೌರವವಿಲ್ಲ. ಯಾಕೆಂದು ಹೇಳುತ್ತೇನೆ.

ನನ್ನ ಅಂಚೆ ಕಚೇರಿಯ ಸಂಬಳದಲ್ಲಿ ಒಂದೊಂದೇ ಖೋಲಿ ಎಬ್ಬಿಸಿಕೊಂಡು ಕಟ್ಟಿದ ಮನೆ ಅದು. ಹಾಗಾಗಿ ಒಂದು ಬಾಗಿಲು ಇನ್ನೊಂದಕ್ಕಿಂತ ಗಿಡ್ಡ, ಒಂದು ಕಿಟಕಿ ಹಸಿರು, ಇನ್ನೊಂದು ನೀಲಿ. ನೆಲಕ್ಕೆ ಮಾತ್ರ ಎಲ್ಲ ಕಡೆಗೂ ಶಹಾಬಾದ್ ಕಲ್ಲು. ನಮ್ಮ ಊರಿನ ಮೇ ತಿಂಗಳು ನಿಮಗೆ ಗೊತ್ತಿದ್ದರೆ ಆ ಕಲ್ಲಿನ ಬೆಲೆಯೂ ಗೊತ್ತಿರುತ್ತದೆ. ಮಧ್ಯಾಹ್ನ ಊಟ ಮುಗಿಸಿ, ಒಂದು ಚೊಂಬು ನೀರು ಚೆಲ್ಲಿ ಒರೆಸಿ, ಬರಿ ಮೈಯಲ್ಲಿ ಅದರ ಮೇಲೆ ಮಲಗಿದರೆ ಹೊರಗಿನ ಬಿಸಿಲು ಬೇರೆ ಯಾರದೋ ಊರಿನದು ಅನ್ನಿಸುತ್ತಿತ್ತು. ನಿವೃತ್ತನಾದ ಮೇಲೆ ನಾನು ಮುಖ್ಯವಾಗಿ ಮಾಡಿದ ಕೆಲಸ ಇದೇ.

ನನ್ನ ಹೆಂಡತಿ ಶಾಂತಾ ನನಗಿಂತ ಎಂಟು ವರ್ಷ ಚಿಕ್ಕವಳು, ಶಾಲೆಯ ಶಿಕ್ಷಕಿ. ನಾನು ಮನೆಯಲ್ಲಿ ಮಲಗಲು ಶುರುಮಾಡಿದ ವರ್ಷವೇ ಅವಳಿಗೆ ಹೆಡ್‌ಮಿಸ್ಟ್ರೆಸ್ ಆಗಿ ಕಮಲಾಪುರಕ್ಕೆ ಬಡ್ತಿ ಬಂತು. ಕಮಲಾಪುರ ಅವಳ ತವರೂರು. ದಿನಾ ಬಸ್ಸಿನಲ್ಲಿ ಹೋಗಿ ಬರುವುದು. ಆರು ತಿಂಗಳಲ್ಲಿ ಸೊಂಟ ಹಿಡಿಯಿತು. ಡಾಕ್ಟರು ಬಸ್ಸಿನ ಕುಲುಕಾಟ ಬೇಡ ಎಂದರು. ಅದೇ ಹೊತ್ತಿಗೆ ಅವಳ ಶಾಲೆಯ ಹಿಂದಿನ ಓಣಿಯಲ್ಲಿ ಒಂದು ಸಣ್ಣ ಮನೆ ಮಾರಾಟಕ್ಕಿತ್ತು. ನಮ್ಮದನ್ನು ಮಾರಿದರಷ್ಟೇ ಅದನ್ನು ಕೊಳ್ಳಬಹುದು.

“ಮೂವತ್ತು ವರ್ಷ ನಿಮ್ಮೂರಾಗ ಇದ್ದೀನಿ,” ಅಂದಳು ಒಂದು ದಿನ ರೊಟ್ಟಿ ಬಡಿಯುತ್ತ. “ಇನ್ನ ನಮ್ಮೂರಾಗ ಸ್ವಲ್ಪ ದಿನ ಇರೋಣೇನ್ರಿ?”

ನಾನು ತಕ್ಷಣ ಹೂಂ ಅಂದೆ. ಹೂಂ ಅನ್ನುವುದು ಸುಲಭ.

ಲಾಕ್‌ಡೌನ್ ಮುಗಿದಿದ್ದರೂ ಜನರ ಕೈ ಬಿಚ್ಚಿರದ ಕಾಲ ಅದು. ಊರಂಚಿನ ತಾಜಸುಲ್ತಾನಪುರದ ಕಡೆ ಹೊಸದಾಗಿ ಹಾಕಿದ ಸೈಟುಗಳಲ್ಲಿ ಕಲ್ಲು ನೆಟ್ಟಿದ್ದರು, ಕಲ್ಲಿನ ಸುತ್ತ ಹುಲ್ಲು ಬೆಳೆದಿತ್ತು. ಮನೆ ಕೊಡಿಸುವ ಇಸ್ಮಾಯಿಲ್ ಭಾಯಿ ನಮ್ಮ ಮನೆಯನ್ನು ಒಮ್ಮೆ ಸುತ್ತಿ ನೋಡಿ ಕಟ್ಟೆಯ ಮೇಲೆ ಕೂತರು. “ಮಾರ್ಕೆಟ್ ಪೂರಾ ಠಂಡಾ ಅದ ಸಾಹೇಬ್ರ. ಬರೋರೇ ಕಮ್ಮಿ. ಬಂದವರಿಗಿ ಛಲೋ ಮಾಡಿ ತೋರಸ್ರಿ.”

ತೋರಿಸುವ ಕೆಲಸ ನನ್ನ ಪಾಲಿಗೆ ಬಂತು. ನಾನದನ್ನು ಬಹಳ ಪ್ರಾಮಾಣಿಕವಾಗಿ ಮಾಡಿದೆ. ಬ್ರಹ್ಮಪುರದ ಬಟ್ಟೆ ವ್ಯಾಪಾರಿಯೊಬ್ಬರು ಬಂದಾಗ, ನಳದ ನೀರು ಯಾವಾಗ ಬರುತ್ತದೆಂದು ಹೇಳಲಾಗದು ಎಂದು ಅವರು ಕೇಳುವ ಮೊದಲೇ ತಿಳಿಸಿದೆ. ಕಾಲೇಜಿನ ಮೇಷ್ಟ್ರೊಬ್ಬರಿಗೆ ಪಡುವಣ ಗೋಡೆ ಮುಟ್ಟಿ ನೋಡಲು ಹೇಳಿದೆ. ಅವರು ಸಂಜೆ ನಾಲ್ಕಕ್ಕೆ ಮುಟ್ಟಿ ಕೈ ಹಿಂತೆಗೆದರು. ಮತ್ತೊಬ್ಬರಿಗೆ ಮಳೆಗಾಲದಲ್ಲಿ ಅಡುಗೆಮನೆಯ ಮೂಲೆ ಸೋರುವ ಜಾಗವನ್ನು ಕೋಲಿನಿಂದ ತೋರಿಸಿದೆ. ಎಲ್ಲರೂ ಚಹಾ ಕುಡಿದು, “ವಿಚಾರ ಮಾಡಿ ಹೇಳ್ತೇವ್ರಿ” ಎಂದು ಹೋದರು.

ಸಂಜೆ ಬಸ್ಸಿಳಿದು ಬಂದ ಶಾಂತಾ ಕೇಳುತ್ತಿದ್ದಳು: “ಏನಾತ್ರಿ?”

“ಮಾರ್ಕೆಟ್ ಬಿದ್ದದ,” ಅನ್ನುತ್ತಿದ್ದೆ. ಅದು ನಿಜವೂ ಆಗಿತ್ತು. ಅಷ್ಟು ಒಳ್ಳೆಯ ನೆಪ ನನಗೆ ಜೀವಮಾನದಲ್ಲಿ ಸಿಕ್ಕಿರಲಿಲ್ಲ.

ಹೀಗೆ ಒಂದು ವರ್ಷ ಹೋಯಿತು. ಒಂದು ಶನಿವಾರ ಶಾಲೆ ಬೇಗ ಬಿಟ್ಟಿತ್ತು. ಮನೆ ನೋಡಲು ಬಂದಿದ್ದ ಗಂಡಹೆಂಡತಿಗೆ ನಾನು ಸೋರುವ ಮೂಲೆಯನ್ನು ವಿವರಿಸುತ್ತಿದ್ದೆ. ತಿರುಗಿ ನೋಡಿದರೆ ಬಾಗಿಲಲ್ಲಿ ಶಾಂತಾ. ಒಂದು ಕೈ ಚೌಕಟ್ಟಿನ ಮೇಲೆ, ಒಂದು ಕೈ ಸೊಂಟದ ಮೇಲೆ. ಎಷ್ಟು ಹೊತ್ತಿನಿಂದ ನಿಂತಿದ್ದಳೋ. ಬಂದವರಿಗೆ ನಗುತ್ತಲೇ ಹೋಗಿ ಬರ್ರಿ ಅಂದಳು. ಗೇಟು ಹಾಕಿಕೊಂಡ ಸದ್ದಾದ ಮೇಲೆ ನನ್ನ ಕಡೆ ತಿರುಗಿದಳು.

“ಎಲ್ಲಾರಿಗೂ ಹಿಂಗೇ ಹೇಳ್ತೀರೇನ್ರಿ?”

“ಖರೇನೇ ಹೇಳೀನಲ್ಲ. ಮುಚ್ಚಿಟ್ಟು ಮಾರಬೇಕೇನು?”

“ಮಾರ್ಕೆಟ್ ಬಿದ್ದಿದ್ದು ಹೊರಗರಿ,” ಅಂದಳು ಮೆಲ್ಲಗೆ. “ಮನ್ಯಾಗ ನೀವೇ ಬೀಳಸಾಕತ್ತೀರಿ. ಮನಸಿಲ್ಲಂದ್ರ ಇಲ್ಲ ಅನ್ರಿ. ನಾ ಬಸ್ಸಿನ್ಯಾಗ ಕುಂತು ಇವತ್ತರ ಆದೀತು, ನಾಳೆರ ಆದೀತು ಅಂತ ದಾರಿ ಕಾಯಾಕತ್ತೀನಿ.”

 ಅವಳು ಒಳಗೆ ಹೋಗಿ ಮೊಣಕಾಲು ಮಡಚಿ ನೆಲದ ಮೇಲೆ ಮಲಗಿದಳು. ಅದೇ ತಂಪು ಕಲ್ಲು. ಅವಳು ನೋವಿಗೆ ಅಲ್ಲಿ ಮಲಗುತ್ತಿದ್ದಳು, ನಾನು ಸುಖಕ್ಕೆ. ಇಷ್ಟು ದಿನ ಇಬ್ಬರೂ ಒಂದೇ ಕಾರಣಕ್ಕೆ ಮಲಗುತ್ತೇವೆಂದು ತಿಳಿದಿದ್ದೆ.

ಮರುದಿನ ಇಸ್ಮಾಯಿಲ್ ಭಾಯಿಯ ಹತ್ತಿರ ಹೋಗಿ ತಪ್ಪು ಒಪ್ಪಿಕೊಂಡೆ. ಅವರು ಅಡಿಕೆ ಕತ್ತರಿಸುತ್ತ, “ನನಗ ಗೊತ್ತಿತ್ತರಿ,” ಅಂದರು. “ಗಿರಾಕಿ ಎಲ್ಲಾರೂ ಬಂದು ನನ್ನ ಮುಂದ ನಿಮ್ಮ ತಾರೀಫು ಮಾಡ್ತಿದ್ರು. ಇಂಥಾ ಖರೇ ಮನಶ್ಯಾ ಎಲ್ಲೂ ನೋಡಿಲ್ಲ ಅಂತಿದ್ರು.”

ಮುಂದೆ ಬಂದವಳು ಸುಜಾತಾ. ಆಸ್ಪತ್ರೆಯ ನರ್ಸು. ತಾಜಸುಲ್ತಾನಪುರದ ಹುಡುಗಿ, ಜೊತೆಗೆ ಬಂದಿದ್ದ ಗಂಡ ಲೈನ್‌ಮನ್. ಕಲಬುರಗಿಯಲ್ಲಿ ಒಂದೇ ಖೋಲಿಯ ಬಾಡಿಗೆ ಮನೆಯಲ್ಲಿದ್ದರು.

“ಕಾಕಾ, ನನಗ ರಾತ್ರಿ ಡ್ಯೂಟಿ ಇರ್ತದ್ರಿ. ಹಗಲ ಮಲಗಬೇಕು. ಯಾವ ಖೋಲಿ ತಂಪಿರ್ತದ?”

ಇಷ್ಟು ದಿನ ಯಾರೂ ಕೇಳಿರದ ಪ್ರಶ್ನೆ. ಮೂಡಣದ ಖೋಲಿಗೆ ಕರೆದುಕೊಂಡು ಹೋದೆ. ಯಾವ ಕಿಟಕಿ ಎಷ್ಟು ಗಂಟೆಗೆ ಮುಚ್ಚಬೇಕು, ನೀರು ಎಲ್ಲಿ ಚೆಲ್ಲಬೇಕು, ತಲೆ ಯಾವ ಕಡೆ ಹಾಕಿದರೆ ಗಾಳಿ ಬರುತ್ತದೆ, ಎಲ್ಲ ಹೇಳಿದೆ. ಸೋರುವ ಮೂಲೆಯನ್ನೂ ತೋರಿಸಿದೆ; ಅದನ್ನು ರಿಪೇರಿ ಮಾಡಿಸಿಯೇ ಕೊಡುತ್ತೇನೆಂದೂ ಹೇಳಿದೆ. ಅವಳು ನೆಲದ ಮೇಲೆ ಕೂತು ಅಂಗೈ ಒತ್ತಿ ನೋಡಿದಳು. ಹಾಗೇ ಗೋಡೆಗೆ ಒರಗಿ ಕಣ್ಣು ಮುಚ್ಚಿದಳು. ಗಂಡ ನನ್ನ ಮುಖ ನೋಡಿ ನಾಚಿಕೊಂಡ. “ನಿದ್ದಿ ಇಲ್ರಿ ಆಕಿಗಿ,” ಅಂದ. ನಾವಿಬ್ಬರೂ ಸದ್ದು ಮಾಡದೆ ಹೊರಗೆ ಬಂದು ನಿಂತೆವು.

ಮನೆ ಅವರೇ ಕೊಂಡರು. ನಾವು ಬೆಲೆ ಇಳಿಸಿದೆವು, ಕಮಲಾಪುರದ ಮನೆಯವರೂ ಇಳಿಸಿದರು. ಬಿದ್ದ ಮಾರ್ಕೆಟ್ಟು ನಮಗೂ ಅಷ್ಟು ಉಪಕಾರ ಮಾಡಿತು. ಬೀಗದ ಕೈ ಕೊಟ್ಟ ದಿನ ನಾನು ಅತ್ತೆನೇ ಎಂದು ನೀವು ಕೇಳಬಹುದು. ಅತ್ತೆ. ಶಾಂತಾ ನೋಡಿಯೂ ನೋಡದ ಹಾಗೆ ಟೆಂಪೋದಲ್ಲಿ ಮುಂದೆ ಕೂತು, ಪಕ್ಕದಲ್ಲಿ ನನಗೆ ಜಾಗ ಮಾಡಿದಳು.

ಈಗಿನ ಮನೆ ಸಣ್ಣದು. ಮಧ್ಯಾಹ್ನದ ಗಂಟೆ ಬಾರಿಸಿದರೆ ಶಾಂತಾ ನಡೆದುಕೊಂಡೇ ಊಟಕ್ಕೆ ಬರುತ್ತಾಳೆ. ಎರಡು ನಿಮಿಷದ ದಾರಿಗೆ ಅವಳಿಗೆ ಇಪ್ಪತ್ತು ನಿಮಿಷ ಬೇಕು. “ಶಾಂತೀ, ಎಲ್ಲಿಗಿ ಹೊಂಟೀ?” ಎಂದು ಹೊಸ್ತಿಲಿಗೊಬ್ಬರು ನಿಲ್ಲಿಸುತ್ತಾರೆ. ಖೂಬಾ ಪ್ಲಾಟಿನಲ್ಲಿ ಎಲ್ಲರೂ ಅವಳನ್ನು ಪೋಸ್ಟ್ ಸಾಹೇಬರ ಮನಿಯವರು ಅನ್ನುತ್ತಿದ್ದರು. ಶಾಂತೀ ಎಂದು ಕರೆಯುವವರು ಅಲ್ಲಿ ಯಾರೂ ಇರಲಿಲ್ಲ. ಅದು ನನ್ನ ಗಮನಕ್ಕೇ ಬಂದಿರಲಿಲ್ಲ.

ಇವತ್ತು ಬಾಗಿಲಲ್ಲಿ ಅವಳ ದಾರಿ ನೋಡುತ್ತ ನಿಂತಿದ್ದೆ. ಎದುರು ಮನೆಗೆ ಬಂದಿದ್ದ ಮುದುಕಿಯೊಬ್ಬಳು ಹಣೆಗೆ ಕೈ ಹಚ್ಚಿ ನನ್ನನ್ನು ನೋಡಿದಳು.

“ನೀ ಯಾರ ಮನಿಯವನಪ್ಪಾ?”

“ಶಾಂತಾನ ಮನಿಯವನ್ರಿ,” ಅಂದೆ.