ಒಣ ಫಿಲ್ಟರ್‌ನ ತೂಕ

ಮೂವತ್ತೆಂಟು ಸಾವಿರ ಬಿತ್ತು. ಹುಬ್ಬಳ್ಳಿಯ ಅಂಗಡಿಯವನು ನಲವತ್ತೈದು ಹೇಳಿದ್ದ. ಯಾರೋ ಬಳಸಿ ಬಿಟ್ಟ ಮಾಲು, ಒಂದು ಗಾಲಿ ಸೀಳಿದೆ ಎಂದು ತೋರಿಸಿ ಏಳು ಸಾವಿರ ಇಳಿಸಿದೆ. ಗಾಳಿಯೊಳಗಿನ ಆಕ್ಸಿಜನ್ ತೆಗೆದು ನಳಿಗೆಯಲ್ಲಿ ಮೂಗಿಗೆ ಕೊಡುವ ಯಂತ್ರ. ಕರೆಂಟು ಹೋದರೆ ನಿಲ್ಲಬಾರದೆಂದು ಬ್ಯಾಟರಿಯ ಖರ್ಚು ಬೇರೆ. ನಮ್ಮಕ್ಕನಿಗೆ ಬೇಕಾಗಿತ್ತು. ಯಾಕೆ ಬೇಕಾಯಿತು ಎಂದು ಕೇಳಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಹೇಳಿದ್ದೇನೆ. ಇಲ್ಲಿ ಖರೆ ಬರೆಯುತ್ತೇನೆ.

ನನ್ನದು ಬೆಟಗೇರಿಯಲ್ಲಿ ಗುಜರಿ ವ್ಯಾಪಾರ. ಗದಗ ಬೇರೆ ಜಿಲ್ಲೆಯಾದ ಹೊಸದರಲ್ಲಿ ಕೈಗಾಡಿ ತಳ್ಳುತ್ತಿದ್ದೆ. ಹೊಸ ಕಚೇರಿಗಳು ಬಂದವು, ಅವುಗಳ ಹಿಂದೆ ಮುರಿದ ಕುರ್ಚಿ, ತುಕ್ಕು ಹಿಡಿದ ಕಪಾಟು ಬಂದವು, ನಾನು ಕೈಗಾಡಿ ಬಿಟ್ಟು ಶೆಡ್ಡು ಹಿಡಿದೆ. ಅಕ್ಕ ಆಗ ಮಗ್ಗದವರಿಗೆ ನೂಲಿನ ಕಂಡಿಕಿ ಸುತ್ತಿ ಕೊಡುತ್ತಿದ್ದಳು. ಮಗ್ಗಗಳು ಒಂದೊಂದೇ ನಿಂತ ಮೇಲೆ ಶೆಡ್ಡಿಗೆ ಕರೆದುಕೊಂಡೆ. ಅವಳ ಕೈಯಷ್ಟು ಚುರುಕಿನ ಕೈ ಸಂಬಳಕ್ಕೆ ಸಿಗುತ್ತಿರಲಿಲ್ಲ.

ವರ್ಷಗಳು ಕಳೆದು ಮನೆಮನೆಗೆ ನೀರಿನ ಫಿಲ್ಟರ್ ಮಷಿನ್ ಬಂತು. ಮುಂಡರಗಿ, ಶಿರಹಟ್ಟಿ ಕಡೆ ಬೋರಿನ ನೀರು ಸವಳು. ಬೇರೆ ಕಡೆ ವರ್ಷ ಬಾಳುವ ಫಿಲ್ಟರ್ ಅಲ್ಲಿ ಆರು ತಿಂಗಳಿಗೇ ಕಟ್ಟಿಕೊಳ್ಳುತ್ತಿತ್ತು. ರಿಪೇರಿಯವರು ಹಳೆಯದನ್ನು ಗಟಾರಕ್ಕೆ ಒಗೆಯುತ್ತಿದ್ದರು. ಲಕ್ಷ್ಮೇಶ್ವರದ ಒಬ್ಬ ಅರಿವೆ ಅಂಗಡಿಯವರ ಮನೆಯಲ್ಲಿ ಬಾಗಿಲಲ್ಲೇ ನೀರು ಬರುವ ದೊಡ್ಡ ಫ್ರಿಜ್ ಇತ್ತು. ಅದರ ಹಳೇ ಫಿಲ್ಟರನ್ನು ಪುಕ್ಕಟೆ ಕೊಟ್ಟರು. ಒಳಗೆ ಏನಿದೆ ನೋಡೋಣವೆಂದು ಅಕ್ಕನ ಕೈಗೆ ಕೊಟ್ಟೆ. ಅವಳು ಕೊಯ್ದು ತೆರೆದಳು. ಮೇಲೆ ಒಳ್ಳೆಯ ದಪ್ಪ ಪ್ಲಾಸ್ಟಿಕ್, ಒಳಗೆ ಕರಿ ಇದ್ದಿಲು. ಆ ಪ್ಲಾಸ್ಟಿಕ್ಕಿಗೆ ಹುಬ್ಬಳ್ಳಿಯಲ್ಲಿ ಗಿರಾಕಿ ಸಿಕ್ಕ. ಒಣಗಿರಬೇಕು, ಇದ್ದಿಲು ಅಂಟಿರಬಾರದು, ಅಷ್ಟೇ ಅವನ ಷರತ್ತು.

ನನ್ನ ಷರತ್ತು ಅದಕ್ಕಿಂತ ಬಿಗಿ. ಇದ್ದಿಲು ನೀರು ಕುಡಿದು ಕೂತಿರುತ್ತದೆ, ತೂಕದಲ್ಲಿ ಅರ್ಧ ನೀರೇ. ನೀರಿಗೆ ನಾನ್ಯಾಕೆ ರೊಕ್ಕ ಕೊಡಲಿ? ರಿಪೇರಿಯವರು ಮಾಲು ತಂದರೆ ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಅಲುಗಾಡಿಸುತ್ತಿದ್ದೆ. ಒಳಗೆ ನೀರಿನ ಸಪ್ಪಳವಾದರೆ ವಾಪಸ್ಸು.

“ಎಂಟ್ ದಿನಾ ಬಿಸಲಾಗ ಇಟ್ಟು ತಗೊಂಡ್ ಬಾರಪಾ.”

“ಶಿರಹಟ್ಟಿಯಿಂದ ಮತ್ತ ಹೊತ್ಕೊಂಡ್ ಬರ್ಲೇನ್ರಿ?”

“ಹಗರ ಆಗಿರತೈತಿ. ಹೊರಾಕೂ ಸಸಾರ.”

ಈ ಜಾಣತನಕ್ಕೆ ಪೇಟೆಯಲ್ಲಿ ನನ್ನನ್ನು ಹೊಗಳಿದವರಿದ್ದಾರೆ.

ಒಣಗಿದ ಫಿಲ್ಟರನ್ನು ಕರೆಂಟಿನ ಕಟರ್‌ಗೆ ಹಿಡಿದರೆ ಇದ್ದಿಲು ಹೊಗೆಯಂತೆ ಏಳುತ್ತದೆ. ಅಕ್ಕ ಸೆರಗನ್ನು ಮೂಗಿಗೆ ಕಟ್ಟಿಕೊಂಡು ಕೂರುತ್ತಿದ್ದಳು. ಸಂಜೆ ಸೆರಗು ಬಿಚ್ಚಿದರೆ ಮೂಗಿನ ಎರಡೂ ಹೊಳ್ಳೆ ಕರ್ರಗೆ.

“ಲೇ ತಮ್ಮಾ, ಬಕೆಟ್ನ್ಯಾಗ ಅದ್ದಿ ಕೊಯ್ಯಲೇನು? ಧೂಳ ಕಮ್ಮಿ ಹಾರತೈತಿ,” ಎಂದು ಒಂದು ದಿನ ಕೇಳಿದಳು.

“ಒಣಗಿಸಿ ತಂದಿದ್ದನ್ನ ಮತ್ತ ತೋಯಿಸೋದು? ಹುಬ್ಬಳ್ಳ್ಯಾಂವ ಹಸಿ ಮಾಲ್ ಮುಟ್ಟಂಗಿಲ್ಲ.”

“ಆತು ಬಿಡಪಾ. ನೀರಿಗೆ ಅಂಜೂ ಯಾಪಾರಿ ನೀ ಒಬ್ಬಾಂವ.”

ನಕ್ಕಳು, ನಾನೂ ನಕ್ಕೆ. ಕಟರ್ ಮತ್ತೆ ಚಾಲೂ ಆಯಿತು.

ಮೂರನೇ ವರ್ಷಕ್ಕೆ ಕೆಮ್ಮು ಬಂತು. ಬಂದದ್ದು ಹೋಗಲಿಲ್ಲ. ಗದಗಿನ ಡಾಕ್ಟರರ ಹತ್ತಿರ ಕರೆದೊಯ್ದೆ. ಅವರು ಅವಳ ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು.

“ಏನ್ ಕೆಲಸ ಮಾಡ್ತೀರಿ ಅಮ್ಮಾ?”

ಅವಳು ಬಾಯಿ ತೆರೆಯುವ ಮೊದಲು ನಾನು ಹೇಳಿದೆ: “ಮನಿ ಕೆಲಸರಿ ಸಾಹೇಬ್ರ. ಒಲಿ ಹೊಗಿ ಬಾಳ.”

ಶೆಡ್ಡಿಗೆ ಯಾವ ಲೈಸೆನ್ಸೂ ಇರಲಿಲ್ಲ. ಡಾಕ್ಟರು ಚೀಟಿಯಲ್ಲಿ ಬರೆದಾರು, ಅದು ಎಲ್ಲಿಗೋ ಹೋದೀತು, ಯಾರೋ ಬಂದು ಬೀಗ ಜಡಿದಾರು ಎಂದು ಆ ಒಂದು ಕ್ಷಣದಲ್ಲಿ ಇಷ್ಟೆಲ್ಲ ಲೆಕ್ಕ ಹಾಕಿದ್ದೆ. ಅಕ್ಕ ನನ್ನನ್ನು ಒಮ್ಮೆ ನೋಡಿದಳು. ನಮ್ಮ ಮನೆಗೆ ಗ್ಯಾಸು ಬಂದು ಎಷ್ಟೋ ವರ್ಷವಾಗಿತ್ತು.

“ಹೌದ್ರಿ,” ಎಂದಳು. “ಒಲಿ ಹೊಗಿ.”

ಇವರನ್ನು ಒಲೆಯಿಂದ ದೂರ ಇರಿಸಿ ಎಂದು ಹೇಳಿ ಡಾಕ್ಟರು ಗುಳಿಗೆ ಬರೆದುಕೊಟ್ಟರು. ಮನೆಗೆ ಬಂದು, ಹೇಳಿದ ಸುಳ್ಳಿಗೆ ನಾನೇ ನಿಷ್ಠನಾದೆ. ಅಕ್ಕನಿಗೆ ರೊಟ್ಟಿ ಬಡಿಯುವುದನ್ನು ಬಿಡಿಸಿದೆ. ಆ ಹೊತ್ತೂ ಉಳಿಯಿತಲ್ಲ, ಆಗಲೂ ಅವಳು ಕಟರ್ ಮುಂದೆಯೇ ಕೂತಳು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಲಾರಿ ತುಂಬಲು ಇನ್ನೂ ಮಾಲು ಬೇಕಾಗಿತ್ತು.

ಹೀಗೆ ವರ್ಷದ ಮೇಲೆ ಕಳೆಯಿತು. ಒಂದು ದಿನ ಶೆಡ್ಡಿನ ಮೂರು ಮೆಟ್ಟಿಲು ಹತ್ತಲಾಗದೆ ಅಕ್ಕ ಎರಡನೆಯದರ ಮೇಲೆ ಕೂತುಬಿಟ್ಟಳು. ತುಟಿ ನೀಲಿಗಟ್ಟಿತ್ತು. ಆವತ್ತು ಎಕ್ಸ್‌ರೇ ಹಿಡಿದುಕೊಂಡು ಅದೇ ಡಾಕ್ಟರು ಕೇಳಿದರು, “ಮನ್ಯಾಗ ಒಲಿ ಬಿಟ್ರ ಬ್ಯಾರೆ ಏನೂ ಇಲ್ಲೇನ್ರಿ?”

ಅಕ್ಕನಿಗೆ ಮಾತಾಡುವಷ್ಟು ಉಸಿರಿರಲಿಲ್ಲ. ಇದ್ದಿದ್ದರೂ ಒಲೆ ಹೊಗೆ ಎಂದೇ ಹೇಳುತ್ತಿದ್ದಳು. ಅವಳು ಅದನ್ನೇ ಹೇಳುತ್ತಾಳೆಂದು ಗೊತ್ತಿದ್ದುದರಿಂದಲೇ ನನಗೆ ತಡೆಯಲಾಗಲಿಲ್ಲ. ಶೆಡ್ಡು, ಕಟರ್, ಇದ್ದಿಲು, ಅವಳು ಅದ್ದಿ ಕೊಯ್ಯಲೇ ಎಂದು ಕೇಳಿದ್ದು, ನಾನು ಬೇಡವೆಂದದ್ದು, ಎಲ್ಲ ಹೇಳಿದೆ.

ಡಾಕ್ಟರು ಪೆನ್ನು ಕೆಳಗಿಟ್ಟರು. “ಅವತ್ತ ಹೇಳಿದ್ರ ಅವತ್ತ ಕೆಲಸ ಬಿಡಸ್ತಿದ್ದೆ. ಈಗ ಹೋಗಿದ್ದು ವಾಪಸ್ ಬರಂಗಿಲ್ರಿ. ಉಳದದ್ದನ್ನ ಕಾಯಬಹುದು.”

ಬೈಯಲಿಲ್ಲ. ಬೈದಿದ್ದರೆ ಏನಾದರೂ ಎದುರು ಹೇಳುತ್ತಿದ್ದೆ.

ಈಗ ಅಕ್ಕ ಪಡಸಾಲೆಯ ಮಂಚದ ಮೇಲೆ ನಳಿಗೆ ಹಾಕಿಕೊಂಡು ಕೂತಿರುತ್ತಾಳೆ. ಅಂಗಳದವರೆಗೂ ಹೋಗುವುದಿಲ್ಲ. ಶೆಡ್ಡಿನಲ್ಲಿ ಕಟರ್ ಇಲ್ಲ. ಫಿಲ್ಟರ್‌ಗಳನ್ನು ಹಸಿಯಾಗಿಯೇ ಕೊಂಡು, ನೀರಲ್ಲಿ ನೆನೆಸಿ, ಕೈಗರಗಸದಿಂದ ನಾನೇ ಕೊಯ್ಯುತ್ತೇನೆ. ಮೇಲಿನ ಪ್ಲಾಸ್ಟಿಕ್ ಚಿಪ್ಪನ್ನು ತೊಳೆದು ಆಮೇಲೆ ಒಣಗಿಸಿದರೆ ಹುಬ್ಬಳ್ಳಿಯವನು ತಕರಾರಿಲ್ಲದೆ ಒಯ್ಯುತ್ತಾನೆ. ಇಷ್ಟೇ ಮಾಡಬೇಕಾಗಿದ್ದದ್ದು. ಲಾಭ ಕಮ್ಮಿ, ದಿನ ಉದ್ದ.

ಅಕ್ಕನ ಯಂತ್ರಕ್ಕೂ ಒಂದು ಫಿಲ್ಟರ್ ಇದೆ, ಅಂಗೈಯಗಲದ ಸ್ಪಂಜು. ವಾರಕ್ಕೊಮ್ಮೆ ತೊಳೆದು ನೆರಳಲ್ಲಿ ಒಣಗಿಸಿ ಹಾಕಬೇಕು. ಆ ಕೆಲಸ ನನ್ನದು. ಮೊನ್ನೆ ಹಾಕಲು ಹೋದಾಗ ಅಕ್ಕ ಉಸಿರು ಕೂಡಿಸಿಕೊಂಡು ಹೇಳಿದಳು:

“ಒಣಗೇತೇನ್… ಕಿವಿ ಹತ್ರ ಹಿಡದು… ನೋಡಲೇ.”

ಈ ಸಲ ನಾನು ನಗಲಿಲ್ಲ. ಅವಳು ನಕ್ಕಳು, ನಗು ಕೆಮ್ಮಾಯಿತು.

ನೀವು ಓದುವವರು ನನ್ನಿಂದ ಇಷ್ಟು ತಿಳಿದುಕೊಳ್ಳಿ. ಮನೆಯ ಫಿಲ್ಟರ್ ಬದಲಿಸಿದಾಗ ಹಳೆಯದನ್ನು ತಲೆಕೆಳಗಾಗಿ ನಿಲ್ಲಿಸಿ, ನೀರು ಬಸಿದರೆ ಸಾಕು. ಬಿಸಿಲಿಗೆ ಇಡಬೇಡಿ. ಕುತೂಹಲಕ್ಕೆಂದು ಒಡೆಯಬೇಡಿ, ಒಳಗಿನ ಇದ್ದಿಲನ್ನು ತುಳಸಿಗೋ ಕರಿಬೇವಿಗೋ ಸುರಿಯಬೇಡಿ, ಅದು ಏನೇನು ಹೀರಿದೆಯೋ ನಿಮಗೆ ಗೊತ್ತಿಲ್ಲ. ಚೀಲದಲ್ಲಿ ಹಾಕಿ ಬಾಯಿ ಕಟ್ಟಿ. ಕೊಳ್ಳಲು ಬಂದವನನ್ನು ಇದನ್ನು ಯಾರು ಕೊಯ್ಯುತ್ತಾರೆ, ಹಸಿಯಾಗಿಯೋ ಒಣಗಿಸಿಯೋ ಎಂದು ಕೇಳಿ. ಒಣಗಿಸಿ ಕೊಡಿ ಎಂದರೆ ಅವನಿಗೆ ಕೊಡಬೇಡಿ, ಎರಡು ರೂಪಾಯಿ ಹೆಚ್ಚು ಕೊಟ್ಟರೂ ಬೇಡ. ಹಸಿಯಾಗಿ ಒಯ್ಯುವವನು ಎರಡು ರೂಪಾಯಿ ಕಮ್ಮಿ ಕೊಟ್ಟರೆ ಜಗ್ಗಾಡದೆ ತೆಗೆದುಕೊಳ್ಳಿ.

ಮತ್ತೆ, ನಿಮ್ಮವರನ್ನು ಡಾಕ್ಟರ ಹತ್ತಿರ ಕರೆದೊಯ್ದಾಗ ಅವರ ಕೆಲಸ ಏನೆಂದು ಅವರ ಬಾಯಿಂದಲೇ ಹೇಳಲು ಬಿಡಿ. ನೀವು ಹೊರಗಿನ ಬೆಂಚಿನ ಮೇಲೆ ಕೂತಿರಿ.